ವ್ಯಾನಿಗೆ ಸೋಲಾರ್: ಪ್ಯಾನಲ್ ಕೊನೆಗೆ, ಮೊದಲು ಲೆಕ್ಕ

ಟೆಂಪೋ ಟ್ರಾವೆಲರಿನ ಒಳಗೆ ಮಂಚ, ಅಡುಗೆ ಕಟ್ಟೆ, ಸಣ್ಣ ಫ್ರಿಜ್ ಕೂರಿಸಿ ತಿರುಗಾಟಕ್ಕೆ ಹೊರಡುವವರು ಮಂಗಳೂರು, ಉಡುಪಿ ಕಡೆಯೂ ಈಗ ಕಾಣಸಿಗುತ್ತಾರೆ. ಸೋಲಾರ್ ವಿಷಯ ಬಂದರೆ ಹೆಚ್ಚಿನವರು ಮೊದಲು ಕೇಳುವುದು "ಎಷ್ಟು ವಾಟಿನ ಪ್ಯಾನಲ್ ಹಾಕಲಿ?" ಅಂತ. ಪ್ಯಾನಲ್ ಕೊನೆಗೆ ತಗೊಳ್ಳಿ. ಅದಕ್ಕೂ ಮೊದಲು ಮಾಡುವ ಕೆಲಸ ಬೇರೆ ಇದೆ.

ಒಂದು ಹಾಳೆ ಹಿಡಿದು ಗಾಡಿಯಲ್ಲಿ ಕರೆಂಟಿನಲ್ಲಿ ಓಡುವ ಎಲ್ಲವನ್ನೂ ಬರೆಯಿರಿ. ಎದುರಿಗೆ ವಾಟ್, ದಿನಕ್ಕೆ ಎಷ್ಟು ಗಂಟೆ, ಎರಡನ್ನೂ ಗುಣಿಸಿ. ನಮ್ಮ ಗಾಡಿಯದು ಹೀಗಿದೆ. 12 ವೋಲ್ಟಿನ ಫ್ರಿಜ್ 45 ವಾಟ್. ನಮ್ಮೂರ ಸೆಖೆಗೆ ಅದರ ಕಂಪ್ರೆಸರ್ ದಿನಕ್ಕೆ ಹೆಚ್ಚುಕಡಿಮೆ 12 ಗಂಟೆ ಓಡುತ್ತದೆ, ಅಂದರೆ 540 ವಾಟ್ ಅವರ್. 30 ವಾಟಿನ ಫ್ಯಾನ್ ರಾತ್ರಿ 9 ಗಂಟೆ, 270. ದೀಪ 50, ಮೊಬೈಲು ಲ್ಯಾಪ್‌ಟಾಪು ಸೇರಿ 100, ನೀರಿನ ಪಂಪ್ 15. ಒಟ್ಟು 975. ಸಾವಿರ ಅಂತಲೇ ಇಟ್ಟುಕೊಳ್ಳಿ.

ಇಂಡಕ್ಷನ್ ಒಲೆ ಈ ಹಾಳೆಗೆ ಬರುವುದು ಬೇಡ. 1,200 ವಾಟಿನಲ್ಲಿ ಮುಕ್ಕಾಲು ಗಂಟೆ ಕುಚ್ಚಲಕ್ಕಿ ಬೇಯಿಸಿದರೆ 900 ವಾಟ್ ಅವರ್ ಹೋಗುತ್ತದೆ. ಒಂದು ಹೊತ್ತಿನ ಅನ್ನಕ್ಕೆ ಒಂದು ದಿನದ ಕರೆಂಟು! ಅಡುಗೆಗೆ ಗ್ಯಾಸೇ ಇರಲಿ.

ಈಗ ಬ್ಯಾಟರಿ. ಮನೆಯ ಇನ್ವರ್ಟರಿಗೆ ಇಡುವ 150 ಎಎಚ್ (ಆಂಪಿಯರ್ ಅವರ್, 12 ವೋಲ್ಟಿನಿಂದ ಗುಣಿಸಿದರೆ ವಾಟ್ ಅವರ್) ಟ್ಯೂಬ್ಯುಲರ್ ಅಂದರೆ ಸೀಸ-ಆ್ಯಸಿಡ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1,800 ವಾಟ್ ಅವರ್ ಇದ್ದರೂ, ಅದು ಬಾಳಿಕೆ ಬರಬೇಕಾದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಹಾಗಾಗಿ ಸಿಗುವುದು 900 ಮಾತ್ರ. ತೂಕ 50 ಕೆ.ಜಿ. ದಾಟುತ್ತದೆ, ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಘಟ್ಟದ ತಿರುವಿನಲ್ಲಿ ಆ್ಯಸಿಡ್ ತುಳುಕುವ ಭಯವೂ ಇದೆ. ಮಲಗುವ ಜಾಗದ ಕೆಳಗೆ ಅದನ್ನು ಇಡಲೇಬೇಡಿ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ದುಬಾರಿ, ಆದರೆ 100 ಎಎಚ್‌ನದ್ದು 12 ಕೆ.ಜಿ. ಆಸುಪಾಸು, ಇರುವ 1,280 ವಾಟ್ ಅವರ್‌ನಲ್ಲಿ ಸಾವಿರವನ್ನು ಚಿಂತೆಯಿಲ್ಲದೆ ಬಳಸಬಹುದು. ನಡುವೆ ಒಂದು ದಿನ ಮೋಡ ಕವಿದರೂ ಫ್ರಿಜ್ ನಿಲ್ಲಬಾರದು ಅಂದರೆ 200 ಎಎಚ್ ಹಾಕಿ. ನನ್ನ ಸಲಹೆ ಇದೇ. ಎಂಜಿನ್ನಿನ ಬಿಸಿಗೆ ಮಾತ್ರ ಹತ್ತಿರ ಇಡಬೇಡಿ.

ಇನ್ನು ಪ್ಯಾನಲ್. ಬೇಸಿಗೆಯಲ್ಲಿ ಕರಾವಳಿಯಲ್ಲಿ ದಿನಕ್ಕೆ ಸುಮಾರು 5 ಗಂಟೆಯ ಪೂರ್ತಿ ಬಿಸಿಲು ಅಂತ ಹಿಡಿದು, ಶಾಖ, ಧೂಳು, ವಯರಿನ ನಷ್ಟ ಕಳೆದರೆ 300 ವಾಟಿನ ಪ್ಯಾನಲ್ ಆ ಸಾವಿರವನ್ನು ಕೊಡುತ್ತದೆ. ಆದರೆ ಆಟಿ ತಿಂಗಳ ಮಳೆಯಲ್ಲಿ ಈ ಲೆಕ್ಕ ನಿಲ್ಲುವುದಿಲ್ಲ. ಜಡಿಮಳೆ ಹಿಡಿದ ದಿನ 400 ವಾಟ್ ಹಾಕಿದರೂ 300 ವಾಟ್ ಅವರ್ ಸಿಕ್ಕರೆ ದೊಡ್ಡದು. ಅದಕ್ಕೇ ಚಾವಣಿಗೆ 400 ವಾಟ್ ಹಾಕಿ, ಜೊತೆಗೆ ಎಂಜಿನ್ ಓಡುವಾಗ ಆಲ್ಟರ್ನೇಟರಿನಿಂದ (ಎಂಜಿನ್ ತಿರುಗಿಸುವ ಗಾಡಿಯ ಜನರೇಟರ್) ಚಾರ್ಜ್ ಮಾಡುವ 30 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಕೂಡ ಹಾಕಿಸಿ. ಮೂರು ಗಂಟೆ ಗಾಡಿ ಓಡಿದರೆ ಒಂದು ದಿನದ ಖರ್ಚು ಬಂತು. ಮಳೆಗಾಲದಲ್ಲಿ ಶಿರಾಡಿ ಘಾಟಿ ಹತ್ತಿ ಬೆಂಗಳೂರಿಗೆ ಹೋಗುವವರಿಗೆ ದಾರಿಯಲ್ಲೇ ಬ್ಯಾಟರಿ ತುಂಬುತ್ತದೆ.

ಪ್ಯಾನಲನ್ನು ಓರೆಯಾಗಿ ನಿಲ್ಲಿಸುವ ಸ್ಟ್ಯಾಂಡ್ ಬೇಕಾ ಅಂತ ಕೇಳುತ್ತಾರೆ. ಮಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದ ಹತ್ತಿರ. ಮಟ್ಟಸವಾಗಿ ಮಲಗಿಸಿದರೂ ವರ್ಷದಲ್ಲಿ ಕಳೆದುಕೊಳ್ಳುವುದು ತುಂಬಾ ಕಮ್ಮಿ. ಸುಮ್ನೆ ಸ್ಟ್ಯಾಂಡಿಗೆ ದುಡ್ಡು ಹಾಕಬೇಡಿ. ಅದರ ಬದಲು ಚಾವಣಿಗೂ ಪ್ಯಾನಲಿಗೂ ನಡುವೆ ಮೂರು ನಾಲ್ಕು ಬೆರಳಿನಷ್ಟು ಸಂದು ಬಿಡಿ, ಗಾಳಿ ಆಡಲಿ. ಪ್ಯಾನಲ್ 60 ಡಿಗ್ರಿಗೆ ಕಾದರೆ ಶೇ 12ರಷ್ಟು ಉತ್ಪಾದನೆ ಹೋಗುತ್ತದೆ. ಚಾವಣಿಗೇ ಅಂಟಿಸುವ ತೆಳು ಪ್ಯಾನಲ್ ನನಗೆ ಇಷ್ಟವಿಲ್ಲದಿರುವುದು ಇದೇ ಕಾರಣಕ್ಕೆ.

ಬಿಸಿಗಿಂತ ದೊಡ್ಡ ಶತ್ರು ನೆರಳು. ಒಮ್ಮೆ ಮರವಂತೆಯಲ್ಲಿ, ಒಂದು ಕಡೆ ಸಮುದ್ರ ಇನ್ನೊಂದು ಕಡೆ ಸೌಪರ್ಣಿಕಾ ಇರುವ ಆ ರಸ್ತೆಯ ಬದಿಯಲ್ಲಿ ಗಾಡಿ ನಿಲ್ಲಿಸಿದ್ದೆವು. ಮಧ್ಯಾಹ್ನ ಮೀಟರ್ 19 ಆಂಪಿಯರ್ ತೋರಿಸುತ್ತಿತ್ತು. ಚಹಾ ಕುಡಿದು ಬಂದು ನೋಡಿದರೆ 7! ಒಂದೇ ಒಂದು ತೆಂಗಿನ ಮಡಲಿನ ನೆರಳು ಎರಡೂ ಪ್ಯಾನಲಿನ ಮೇಲೆ ಅಡ್ಡ ಬಿದ್ದಿತ್ತು, ಗರಿ ಗರಿಯಾಗಿ, ಬಾಚಣಿಗೆಯ ಹಾಗೆ. ಗಾಡಿಯನ್ನು ನಾಲ್ಕು ಹೆಜ್ಜೆ ಮುಂದೆ ತಂದ ಕೂಡಲೇ ಮತ್ತೆ 19. ಪ್ಯಾನಲ್ ಒಳಗಿನ ಸೆಲ್‌ಗಳು ಮಾಲೆ ಪೋಣಿಸಿದ ಹಾಗೆ ಒಂದಕ್ಕೊಂದು ಕೂಡಿರುತ್ತವೆ, ಒಂದಕ್ಕೆ ನೆರಳಾದರೆ ಆ ಸಾಲೇ ಸೊರಗುತ್ತದೆ. ಆದ್ದರಿಂದ ಚಾವಣಿಯ ಎಸಿ, ಕ್ಯಾರಿಯರ್ ಇವುಗಳ ನೆರಳು ಎಲ್ಲಿ ಬೀಳುತ್ತದೆ ಅಂತ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಸಲ ನೋಡಿ, ಆಮೇಲೆ ತೂತು ಕೊರೆಯಿರಿ. ಎರಡು ಪ್ಯಾನಲ್ ಇದ್ದರೆ ಪ್ಯಾರಲಲ್ ಆಗಿ, ಅಂದರೆ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಕೂಡಿಸಿ, ಒಂದಕ್ಕೆ ನೆರಳಾದರೂ ಇನ್ನೊಂದು ದುಡಿಯುತ್ತದೆ. ಮಡಚುವ 100 ವಾಟಿನ ಪ್ಯಾನಲ್ ಒಂದನ್ನು ಉದ್ದ ವಯರಿನೊಂದಿಗೆ ಇಟ್ಟುಕೊಂಡರೆ, ನಮ್ಮ ಸೆಖೆಯಲ್ಲಿ ಗಾಡಿ ಮರದಡಿ ಇದ್ದು ಪ್ಯಾನಲ್ ಬಿಸಿಲಲ್ಲಿರಬಹುದು.

ಪ್ಯಾನಲಿನಿಂದ ಬ್ಯಾಟರಿಗೆ ಹೋಗುವ ಕರೆಂಟನ್ನು ಹದದಲ್ಲಿಡುವ ಪೆಟ್ಟಿಗೆಯೇ ಕಂಟ್ರೋಲರ್, ಅದರ ವಿಷಯದಲ್ಲಿ ಉಳಿತಾಯ ಬೇಡ. ಪಿಡಬ್ಲ್ಯೂಎಂ ಅನ್ನುವ ಅಗ್ಗದ ಬಗೆಯ ಕಂಟ್ರೋಲರ್ ಪ್ಯಾನಲಿನ ವೋಲ್ಟೇಜನ್ನು ಬ್ಯಾಟರಿಯ ಮಟ್ಟಕ್ಕೆ ಎಳೆದುಬಿಡುತ್ತದೆ. ನನಗೆ ಒಬ್ಬ ಅಂಗಡಿಯವರು ಮನೆ ಚಾವಣಿಗೆ ಹಾಕುವ 31 ವೋಲ್ಟಿನ ದೊಡ್ಡ ಪ್ಯಾನಲಿನ ಜೊತೆ ಅದನ್ನೇ ಕೊಟ್ಟಿದ್ದರು, ಅರ್ಧಕ್ಕಿಂತ ಜಾಸ್ತಿ ವಾಟ್ ಅಲ್ಲೇ ಹೋಗುತ್ತಿತ್ತು. ಹೆಚ್ಚಿನ ವೋಲ್ಟೇಜನ್ನು ಹಾಳು ಮಾಡದೆ ಆಂಪಿಯರಾಗಿ ಬದಲಿಸುವ ಎಂಪಿಪಿಟಿ ಬಗೆಯದನ್ನೇ ಕೇಳಿ. 400 ವಾಟಿಗೆ 100 ವೋಲ್ಟ್, 30 ಆಂಪಿಯರಿನದ್ದು ಸಾಕು. ಅದರಲ್ಲಿ ಲಿಥಿಯಂ ಸೆಟ್ಟಿಂಗ್ ಇದೆಯಾ ಅಂತ ನೋಡಿಯೇ ದುಡ್ಡು ಕೊಡಿ.

ಕಂಟ್ರೋಲರನ್ನು ಬ್ಯಾಟರಿಯ ಪಕ್ಕದಲ್ಲೇ ಕೂರಿಸಿ, ನಡುವೆ 10 ಚದರ ಮಿ.ಮೀ. ತಾಮ್ರದ ವಯರ್ ಹಾಕಿ. ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಲೇಬೇಕು. ಲಿಥಿಯಂ ಬ್ಯಾಟರಿ ಶಾರ್ಟ್ ಆದರೆ ಬರುವ ಕರೆಂಟಿಗೆ ವಯರ್ ಕ್ಷಣದಲ್ಲಿ ಹೊತ್ತಿಕೊಳ್ಳುತ್ತದೆ. ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನಲ್. ಬಿಚ್ಚುವಾಗ ಮೊದಲು ಪ್ಯಾನಲ್. ಚಾವಣಿಯ ಬೋಲ್ಟುಗಳು 316 ದರ್ಜೆಯ ಸ್ಟೀಲಿನವೇ ಆಗಲಿ, ಮಲ್ಪೆ, ಪಣಂಬೂರಿನ ಉಪ್ಪುಗಾಳಿ ಸಾದಾ ಬೋಲ್ಟನ್ನು ಬೇಗ ತಿಂದುಬಿಡುತ್ತದೆ. ಕಡಲ ಬದಿಯಲ್ಲಿ ನಿಂತು ಬಂದ ಮೇಲೆ ಪ್ಯಾನಲಿಗೆ ಸಿಹಿ ನೀರು ಹಾಕಿ ತೊಳೆಯಿರಿ. ಚಾವಣಿಗೆ ಕೈ ಹಾಕುವ ಮೊದಲು ಆರ್‌ಟಿಒ ಕಚೇರಿಯಲ್ಲಿ, ಇನ್ಶೂರೆನ್ಸ್‌ನವರಲ್ಲಿ ಒಂದು ಮಾತು ಕೇಳಿ.

ಎಲ್ಲ ಮುಗಿದ ಮೇಲೆ ಮನೆಯಂಗಳದಲ್ಲೇ ಎರಡು ರಾತ್ರಿ ಗಾಡಿಯಲ್ಲಿ ಮಲಗಿ ನೋಡಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ. ಲಿಥಿಯಂ ಬ್ಯಾಟರಿಯ ವೋಲ್ಟೇಜ್ ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ ಇರುವುದರಿಂದ ಅದನ್ನು ನೋಡಿ ಏನೂ ತಿಳಿಯದು, ಶಂಟ್ (ಬ್ಯಾಟರಿಗೆ ಹೋಗಿ ಬರುವ ಕರೆಂಟನ್ನು ಅಳೆಯುವ ತುಂಡು) ಇರುವ ಬ್ಯಾಟರಿ ಮೀಟರ್ ಬೇಕು. ಎರಡನೇ ದಿನ ಸಂಜೆಗೆ ಮೀಟರ್ ಮತ್ತೆ ಶೇ ನೂರರ ಹತ್ತಿರ ಬಂದರೆ ಗಾಡಿ ತಯಾರು. ಬರದಿದ್ದರೆ ಆ ಹಾಳೆಯನ್ನು ಮತ್ತೆ ತೆಗೆದು ಫ್ರಿಜ್ಜಿನ ಸಾಲಿನಿಂದ ಶುರು ಮಾಡಿ.