ಮಾವನ ಮನೆ ಗೂಡು, ನನ್ನ ಲ್ಯಾಬಿನ ಸ್ಪಂಜು

ಸೋಮವಾರ ಬೆಳಿಗ್ಗೆ ಲ್ಯಾಬ್ ಬಾಗಿಲು ತೆಗೆದರೆ ಮೇಜಿನ ತುಂಬ ಚಿಟ್ಟೆ. ಬಿಳಿ ಬಣ್ಣದ, ದಪ್ಪ ಹೊಟ್ಟೆಯ, ಹಾರಲಾರದ ರೇಷ್ಮೆ ಚಿಟ್ಟೆಗಳು. ಗೂಡಿನ ಚೀಲದಿಂದ ಹೊರಬಂದು ತಕ್ಕಡಿ ಮೇಲೆ, ಕೀಬೋರ್ಡ್ ಮೇಲೆ ಎಲ್ಲ ಓಡಾಡಿದ್ದವು. ಹಲವು ಜೋಡಿ ಕಟ್ಟಿಕೊಂಡು ಕೂತಿದ್ದವು. ಒಂದೆರಡು ಆಗಲೇ ನನ್ನ ನೋಟ್‌ಬುಕ್ ಮೇಲೆ ಮೊಟ್ಟೆ ಇಟ್ಟಿದ್ದವು. ಜೊತೆಗೆ ಬಂದ ಜೂನಿಯರ್ ಹುಡುಗ ಬಾಗಿಲಲ್ಲೇ ನಿಂತು, "ಅಕ್ಕಾ, ಇವು ಕಚ್ಚುತ್ತವಾ?" ಅಂತ ಕೇಳಿದ. ಪಾಪ, ಕಚ್ಚೋದಿರಲಿ, ಚಿಟ್ಟೆಯಾದ ಮೇಲೆ ಅವು ಏನನ್ನೂ ತಿನ್ನುವುದೇ ಇಲ್ಲ.

ನಾನು ಶಿಡ್ಲಘಟ್ಟದ ಕಡೆಯವಳು. ಹುಳು ಸಾಕುವ ಮನೆಯಲ್ಲೇ ಬೆಳೆದವಳು. ಗೂಡು ಕಟ್ಟಿ ಹತ್ತು ಹನ್ನೆರಡು ದಿನಕ್ಕೆ ಚಿಟ್ಟೆ ಹೊರಬರುತ್ತದೆ ಅನ್ನೋದು ನಮ್ಮೂರಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಆದರೆ ಲ್ಯಾಬ್ ಸೇರಿದ ಮೇಲೆ ಗೂಡನ್ನು ನಾನು ಬಾಟಲಿಯಲ್ಲಿ ಬರುವ ಕೆಮಿಕಲ್ ಥರ ನೋಡೋಕೆ ಶುರು ಮಾಡಿದ್ದೆ. ಇಟ್ಟ ಕಡೆ ಇಟ್ಟ ಹಾಗೇ ಇರುತ್ತೆ ಅಂತ. ಮುಂದಿನ ಎರಡು ವರ್ಷ ನಾನು ಪಟ್ಟ ಪಾಡಿಗೆಲ್ಲ ಆ ನೋಟವೇ ಕಾರಣ.

ಕೆಲಸ ಇಷ್ಟು. ರೇಷ್ಮೆ ಎಳೆಯಲ್ಲಿ ಎರಡು ಪ್ರೋಟೀನ್ ಇವೆ. ಒಳಗಿನ ಗಟ್ಟಿ ಎಳೆ ಫೈಬ್ರೋಯಿನ್. ಅದರ ಮೇಲಿನ ಗೋಂದು ಸೆರಿಸಿನ್. ತೂಕದಲ್ಲಿ ಕಾಲು ಭಾಗದಷ್ಟು, ಕೆಲವೊಮ್ಮೆ ಅದಕ್ಕಿಂತ ಸ್ವಲ್ಪ ಜಾಸ್ತಿ, ಈ ಗೋಂದೇ ಇರುತ್ತದೆ. ಗೋಂದು ತೆಗೆದು, ಎಳೆಯನ್ನು ಕರಗಿಸಿ, ಆ ದ್ರಾವಣದಿಂದ ಗಾಯದ ಮೇಲೆ ಇಡಬಹುದಾದ ಸ್ಪಂಜು ಮಾಡಬೇಕು. ಇದೇನೂ ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಡೇವಿಡ್ ಕಪ್ಲಾನ್ ಅವರ ತಂಡ 2011ರಲ್ಲಿ ಇಡೀ ವಿಧಾನವನ್ನು ಹಂತ ಹಂತವಾಗಿ ಪ್ರಕಟಿಸಿತ್ತು. ಜಗತ್ತಿನಲ್ಲಿ ರೇಷ್ಮೆ ಕರಗಿಸುವವರಲ್ಲಿ ಬಹಳಷ್ಟು ಜನ ಅದನ್ನೇ ಇಟ್ಟುಕೊಂಡು ಮಾಡುತ್ತಾರೆ. ಅಡುಗೆ ಪುಸ್ತಕ ಇದೆ, ಸಾಮಾನು ನಮ್ಮೂರಲ್ಲೇ ಸಿಗುತ್ತೆ, ಇನ್ನೇನು ಬೇಕು ಅಂದುಕೊಂಡಿದ್ದೆ.

ಮೊದಲು ಗೂಡು ತರೋದೇ ಒಂದು ಕಥೆ. ಸರ್ಕಾರಿ ಗೂಡಿನ ಮಾರುಕಟ್ಟೆಯಲ್ಲಿ ಹರಾಜಿಗೆ ನಿಲ್ಲಬೇಕಾದರೆ ರೀಲರ್, ಅಂದರೆ ಗೂಡಿನಿಂದ ನೂಲು ಬಿಚ್ಚುವವರ, ಲೈಸೆನ್ಸ್ ಬೇಕು. ಅರ್ಧ ಕೆಜಿ ಕೊಡಿ ಅಂತ ಹೋದವಳನ್ನು ಅಲ್ಲಿ ಯಾರು ಕೇಳುತ್ತಾರೆ? ಕೊನೆಗೆ ಸೋದರಮಾವನ ಮನೆಯಿಂದಲೇ ತಂದೆ. ಮಾವ ಚೀಲ ಕೈಗೆ ಕೊಡುವಾಗಲೇ, "ಬೇಗ ಬೇಯಿಸ್ಕೊಳಮ್ಮ, ಮಡಗಬೇಡ" ಅಂದಿದ್ದರು. ಬೇಯಿಸೋದು ಅಂದರೆ ಒಳಗಿನ ಕೋಶ (ಇನ್ನೂ ಚಿಟ್ಟೆಯಾಗದ ಹುಳು, ಪ್ಯೂಪಾ) ಸಾಯುವ ಹಾಗೆ ಬಿಸಿ ಹಾಯಿಸೋದು. ನಾನು ಅಷ್ಟು ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲಿನದ್ದು ಹೇಳಿದೆನಲ್ಲ.

ಆ ಚಿಟ್ಟೆ ಪುರಾಣದಿಂದ ಒಂದು ಲಾಭವೂ ಆಯಿತು. ಚಿಟ್ಟೆ ತೂತು ಮಾಡಿಕೊಂಡು ಬಂದ ಗೂಡಿನಿಂದ ಉದ್ದಕ್ಕೆ ನೂಲು ಬಿಚ್ಚಲು ಆಗುವುದಿಲ್ಲ, ಹಾಗಾಗಿ ರೀಲರ್‌ಗೆ ಅದು ಬೇಡ. ನಮಗೇನು? ನಾವು ಹೇಗೂ ಕತ್ತರಿಸಿ ಕರಗಿಸುವವರು. ಬಿತ್ತನೆ ಕೋಠಿಗಳಲ್ಲಿ ಮೊಟ್ಟೆಗೋಸ್ಕರ ಚಿಟ್ಟೆ ಬರಲು ಬಿಡುತ್ತಾರೆ, ಅಲ್ಲಿ ಇಂಥ ಗೂಡು ರಾಶಿ ಉಳಿಯುತ್ತದೆ. ಚಿಟ್ಟೆ ಬಿಟ್ಟ ಕಂದು ಕಲೆಯ ಭಾಗ ಕತ್ತರಿಸಿ ಬಿಸಾಕಿದರೆ ಆಯಿತು. ಈಗ ನಾನು ಜಾಸ್ತಿ ಬಳಸೋದು ಅದನ್ನೇ. ಹುಳುವನ್ನು ಕೊಲ್ಲದ ರೇಷ್ಮೆ ಅಂತ ಅಮ್ಮನಿಗೆ ಅದರಲ್ಲಿ ಬೇರೆಯೇ ಸಮಾಧಾನ.

ಗೋಂದು ತೆಗೆಯುವ ಲೆಕ್ಕ ಸುಲಭ. 2 ಲೀಟರ್ ನೀರಿಗೆ 4.24 ಗ್ರಾಂ ಸೋಡಿಯಂ ಕಾರ್ಬೊನೇಟ್, ಅಂದರೆ ನಮ್ಮ ವಾಷಿಂಗ್ ಸೋಡಾನೇ, ಶುದ್ಧವಾದದ್ದು. ಕುದಿ ಬಂದ ಮೇಲೆ 5 ಗ್ರಾಂ ಕತ್ತರಿಸಿದ ಗೂಡು ಹಾಕಿ 30 ನಿಮಿಷ ಕುದಿಸಬೇಕು. ಆಮೇಲೆ ತಣ್ಣೀರಲ್ಲಿ ಮೂರು ಸಲ ತೊಳೆದು, ಹಿಂಡಿ, ಬಿಡಿಸಿ, ರಾತ್ರಿಯಿಡೀ ಒಣಗಿಸಬೇಕು. ಮಾವನ ಹಳದಿ ಸಿಬಿ (ಮಿಶ್ರತಳಿ) ಗೂಡು ಕುದಿಸಿದಾಗ ನೀರು ಹಳದಿಯಾಗಿ, ಎಳೆ ಬೆಳ್ಳಗಾಗಿ ನಿಂತಿದ್ದು ನೋಡಿ ಖುಷಿಪಟ್ಟಿದ್ದೆ. ಬಣ್ಣ ಹೆಚ್ಚು ಕಡಿಮೆ ಪೂರ್ತಿ ಗೋಂದಿನಲ್ಲೇ ಇರುತ್ತದೆ.

ಖುಷಿ ತೂಕ ಮಾಡುವವರೆಗೆ. ಕುದಿಸುವ ಮೊದಲು 5 ಗ್ರಾಂ, ಒಣಗಿದ ಮೇಲೆ 4 ಗ್ರಾಂ ಮೇಲೆ ತೋರಿಸಿತು. ಶೇಕಡ 25ಕ್ಕಿಂತ ಮೇಲೆ ಇಳಿಯಬೇಕಾದದ್ದು 19ಕ್ಕೇ ನಿಂತಿತ್ತು. ಎಳೆ ಬೇರೆ ಒರಟು ಒರಟು. ಮೂರು ವಾರ ಸೋಡಾ ಬಾಟಲಿಯನ್ನು ಬೈದೆ, ತಕ್ಕಡಿಯನ್ನು ಬೈದೆ. ಕಾರಣ ನಲ್ಲಿಯಲ್ಲಿತ್ತು. ಶುದ್ಧ ನೀರು ದಂಡ ಯಾಕೆ ಮಾಡೋದು ಅಂತ ಕುದಿಸೋಕೆ ಬೋರ್‌ವೆಲ್ ನೀರು ಹಿಡಿದಿದ್ದೆ. ಗಡಸು ನೀರಿನ ಕ್ಯಾಲ್ಸಿಯಂ ಸೋಡಾ ಜೊತೆ ಸೇರಿ ಸುಣ್ಣದ ಪುಡಿಯಾಗಿ ಎಳೆ ಮೇಲೆ ಕೂತುಬಿಡುತ್ತದೆ. ಇದನ್ನು ಊರಲ್ಲಿ ಹೇಳಿದಾಗ ಪರಿಚಯದ ರೀಲರ್ ಒಬ್ಬರು ನಕ್ಕರು. "ನೀರು ಚೆನ್ನಾಗಿಲ್ದೆ ನೂಲು ಚೆನ್ನಾಗಿ ಬರಲ್ಲ ಅಂತ ನಮ್ಮಪ್ಪನ ಕಾಲದಿಂದ ಹೇಳ್ತೀವಿ. ನೀವು ಓದಿದೋರು ಕೇಳಲ್ಲ."

ಗೋಂದು ಉಳಿಯಬಾರದು ಅಂತ ಮುಂದಿನ ಸಲ ಒಂದು ಗಂಟೆ ಕುದಿಸಿದೆ. ಅದು ಇನ್ನೊಂದು ಎಡವಟ್ಟು. ಫೈಬ್ರೋಯಿನ್‌ನ ದೊಡ್ಡ ಸರಪಳಿ ಸುಮಾರು 390 ಕಿಲೋಡಾಲ್ಟನ್ (ಅಣುವಿನ ತೂಕದ ಅಳತೆ), ಪ್ರೋಟೀನ್ ಲೆಕ್ಕದಲ್ಲಿ ಭಾರಿ ಉದ್ದ. ಕುದಿಸಿದಷ್ಟೂ ಅದು ತುಂಡು ತುಂಡಾಗುತ್ತದೆ. ಸ್ಪಂಜು ಆಗೋದು ಆಯಿತು, ಆದರೆ ಬೆರಳಲ್ಲಿ ಒತ್ತಿದರೆ ರಸ್ಕಿನ ಥರ ಪುಡಿ.

ಕರಗಿಸಲು ಲಿಥಿಯಂ ಬ್ರೋಮೈಡ್ ಬೇಕು. 100 ಮಿಲಿ ದ್ರಾವಣಕ್ಕೆ 81 ಗ್ರಾಂ ಉಪ್ಪು, ಅಷ್ಟು ದಟ್ಟ. ನೀರಿಗೆ ಹಾಕಿದ ತಕ್ಷಣ ಬೀಕರ್ ಕಾದುಹೋಗುತ್ತದೆ. ಹಾಗಾಗಿ ಸ್ವಲ್ಪ ಸ್ವಲ್ಪವೇ ಹಾಕಬೇಕು, ಬೀಕರನ್ನು ಐಸಿನಲ್ಲಿಟ್ಟುಕೊಂಡರೆ ಇನ್ನೂ ಒಳ್ಳೇದು. ಎಳೆಯನ್ನು ಕೆಳಗೆ ಒತ್ತಿಟ್ಟು ಮೇಲಿಂದ ಉಪ್ಪುನೀರು ಸುರಿದು 60 ಡಿಗ್ರಿಯಲ್ಲಿ ನಾಲ್ಕು ಗಂಟೆ ಬಿಟ್ಟರೆ, ಜೇನುತುಪ್ಪದ ಬಣ್ಣದ ಮಂದ ದ್ರವ ಸಿಗುತ್ತದೆ. ಸೀರೆ ನೇಯುವ ಅದೇ ಎಳೆ ಪಾಕದ ಥರ ಹರಿಯೋದು ನೋಡಲು ಈಗಲೂ ನನಗೆ ಬೇಜಾರಿಲ್ಲ. ಈ ಉಪ್ಪಿಗೆ ಬೆಲೆ ಜಾಸ್ತಿ. ಕ್ಯಾಲ್ಸಿಯಂ ಕ್ಲೋರೈಡ್, ಆಲ್ಕೋಹಾಲ್, ನೀರು ಸೇರಿಸಿಯೂ ಕರಗಿಸಬಹುದು, ಅದು ಅಗ್ಗ. ನಾನೂ ಮಾಡಿ ನೋಡಿದೆ. ನನ್ನ ಕೈಯಲ್ಲಿ ದ್ರಾವಣ ಬೇಗ ಗಟ್ಟಿಯಾಗುತ್ತಿತ್ತು, ಬಿಟ್ಟೆ.

ಇನ್ನು ಈ ಉಪ್ಪನ್ನು ಹೊರಗೆ ಹಾಕಬೇಕು. ದ್ರವವನ್ನು ಸಣ್ಣ ರಂಧ್ರದ ಪೊರೆಯ ಚೀಲಕ್ಕೆ ತುಂಬಿ ಶುದ್ಧ ನೀರಲ್ಲಿ ಮುಳುಗಿಸಿಡೋದು. ಉಪ್ಪು ಹೊರಗೆ ಹೋಗುತ್ತದೆ, ಪ್ರೋಟೀನ್ ಒಳಗೇ ಉಳಿಯುತ್ತದೆ. ಎರಡು ದಿನದಲ್ಲಿ ಆರು ಸಲ ನೀರು ಬದಲಿಸಬೇಕು. ಮೊದಲನೆಯದು ಒಂದು ಗಂಟೆಗೆ, ಆಮೇಲೆ ನಾಲ್ಕು ಗಂಟೆಗೆ, ಹೀಗೆ. ಒಂದು ವಾರಾಂತ್ಯ ತಂಗಿ ಮದುವೆ ಮಾತುಕತೆ ಅಂತ ಊರಿಗೆ ಹೋದೆ. ಎರಡೇ ಸಲ ನೀರು ಬದಲಾಗಿತ್ತು. ಪರವಾಗಿಲ್ಲ ಬಿಡು ಅಂತ ಆ ದ್ರಾವಣದಿಂದಲೇ ಸ್ಪಂಜು ಮಾಡಿ, ಅದನ್ನು ನೆನೆಸಿಟ್ಟ ದ್ರವವನ್ನು ಇಲಿಯ ಚರ್ಮದಡಿಯ ಜೀವಕೋಶಗಳ ಮೇಲೆ ಹಾಕಿದೆ. ಎಲ್929 ಅಂತ ಆ ಕೋಶಗಳ ಹೆಸರು, ಎಷ್ಟೋ ಲ್ಯಾಬ್‌ಗಳಲ್ಲಿ ಮೊದಲ ವಿಷಪರೀಕ್ಷೆ ಅವುಗಳ ಮೇಲೇ. ಕೋಶಗಳಲ್ಲಿ ಶೇಕಡ 70ಕ್ಕಿಂತ ಕಡಿಮೆ ಬದುಕಿದರೆ ಆ ವಸ್ತು ವಿಷಕಾರಿ ಅಂತ ಲೆಕ್ಕ. ನನ್ನವು ಅರ್ಧವೂ ಉಳಿಯಲಿಲ್ಲ.

ರೇಷ್ಮೆಯೇ ವಿಷ ಅನ್ನೋ ತೀರ್ಮಾನಕ್ಕೆ ಬರುವುದರಲ್ಲಿದ್ದೆ. ಕೆಮಿಸ್ಟ್ರಿ ವಿಭಾಗದ ಹಿರಿಯ ಸಹಾಯಕರೊಬ್ಬರು ನನ್ನ ಚೀಲದ ಹೊರಗಿನ ನೀರನ್ನು ಒಂದು ಟ್ಯೂಬಿಗೆ ಹಾಕಿ, ಎರಡು ಹನಿ ಸಿಲ್ವರ್ ನೈಟ್ರೇಟ್ ಬಿಟ್ಟರು. ಮಜ್ಜಿಗೆ ಒಡೆದ ಹಾಗೆ ತಿಳಿಹಳದಿ ಗಸಿ ಇಳಿಯಿತು. ಅದು ಸಿಲ್ವರ್ ಬ್ರೋಮೈಡ್. "ನೋಡಿ ಮೇಡಂ, ಉಪ್ಪು ಇನ್ನೂ ಇದೆ" ಅಂದರು, ಅಷ್ಟೇ. ಪಿಯುಸಿ ಪ್ರಾಕ್ಟಿಕಲ್‌ನಲ್ಲಿ ನಾನೇ ಮಾಡಿದ್ದ ಪರೀಕ್ಷೆ. ಅಂದಿನಿಂದ ಆ ನೀರು ತಿಳಿಯಾಗಿ ನಿಲ್ಲುವವರೆಗೆ ಮುಂದಿನ ಹಂತಕ್ಕೆ ಹೋಗುವುದಿಲ್ಲ. ಆರು ಸಲ ಸಾಲದಿದ್ದರೆ ಎಂಟು ಸಲ.

ಸಿಕ್ಕ ದ್ರಾವಣವನ್ನು ಹಸುಗೂಸಿನ ಥರ ನೋಡಿಕೊಳ್ಳಬೇಕು. ಜೋರಾಗಿ ಅಲ್ಲಾಡಿಸಿದರೆ ಗಡ್ಡೆ ಕಟ್ಟುತ್ತದೆ. ಹುಳು ಗೂಡು ಕಟ್ಟುವಾಗ ತಲೆ ಆಡಿಸಿ ಎಳೆ ಎಳೆಯುತ್ತದಲ್ಲ, ಆ ಎಳೆತದಲ್ಲೇ ಹೊಟ್ಟೆಯೊಳಗಿನ ದ್ರವ ಗಟ್ಟಿ ನೂಲಾಗುತ್ತದೆ. ಟ್ಯೂಬ್ ಅಲ್ಲಾಡಿಸಿದರೆ ನಾವೂ ಒಂಥರಾ ಅದನ್ನೇ ಮಾಡಿದ ಹಾಗೆ. ನನ್ನ ಜೂನಿಯರ್ ಒಂದು ವಾರದ ದ್ರಾವಣವನ್ನು ಮಿಕ್ಸರ್ ಮೇಲೆ ಹತ್ತು ಸೆಕೆಂಡ್ ಇಟ್ಟ. ಮಧ್ಯಾಹ್ನದ ಹೊತ್ತಿಗೆ ಮೊಸರು. ಬೈಯಲು ಬಾಯಿ ತೆರೆದೆ, ಚಿಟ್ಟೆ ನೆನಪಾಗಿ ಸುಮ್ಮನಾದೆ.

ಸ್ಪಂಜಿಗೆ ಎರಡು ದಾರಿ. ಒಂದು, ದ್ರಾವಣವನ್ನು ಹೆಪ್ಪುಗಟ್ಟಿಸಿ ನಿರ್ವಾತದಲ್ಲಿ ಒಣಗಿಸೋದು. ಐಸ್ ಹರಳು ಇದ್ದ ಜಾಗ ರಂಧ್ರವಾಗುತ್ತದೆ. ಮೈನಸ್ 20ರಲ್ಲಿ ನಿಧಾನ ಹೆಪ್ಪುಗಟ್ಟಿದರೆ ದೊಡ್ಡ ರಂಧ್ರ, ಮೈನಸ್ 80ರಲ್ಲಿ ಸಣ್ಣವು. ಇನ್ನೊಂದು, ಜರಡಿ ಹಿಡಿದ ಅಡುಗೆ ಉಪ್ಪಿನ ಹರಳನ್ನು ದ್ರಾವಣಕ್ಕೆ ಉದುರಿಸಿ, ಒಂದೆರಡು ದಿನ ಬಿಟ್ಟು, ಗಟ್ಟಿಯಾದ ಮೇಲೆ ನೀರಲ್ಲಿ ನೆನೆಸಿ ಉಪ್ಪು ಕರಗಿಸಿಬಿಡೋದು. ನನಗೆ ಎರಡನೆಯದೇ ಇಷ್ಟ. ಒಂದು, ದುಬಾರಿ ಯಂತ್ರ ಬೇಡ. ಇನ್ನೊಂದು, ಆ ಸ್ಪಂಜು ನೀರಲ್ಲಿ ಕರಗುವುದಿಲ್ಲ. ಹೆಪ್ಪುಗಟ್ಟಿಸಿ ಒಣಗಿಸಿದ್ದನ್ನು ಮೊದಲ ಸಲ ನೀರಿಗೆ ಹಾಕಿದಾಗ ಬೊಂಬಾಯಿ ಮಿಠಾಯಿ ಥರ ಮಾಯವಾಗಿತ್ತು. ಅದನ್ನು ಮೆಥನಾಲ್‌ನಲ್ಲಿ ನೆನೆಸಿದರೆ ಸರಪಳಿಗಳು ಒತ್ತೊತ್ತಾಗಿ ಹಾಳೆಯಂತೆ ಜೋಡಿಕೊಂಡು ನಿಲ್ಲುತ್ತವೆ. ಗಾಯಕ್ಕೆ ಇಡೋ ವಸ್ತುವಿಗೆ ಮೆಥನಾಲ್ ತಾಗಿಸೋದು ಮಾತ್ರ ನನಗೆ ಹಿಡಿಸಲಿಲ್ಲ.

ಎಲ್ಲ ಸರಿಹೋಯಿತು ಅಂದುಕೊಂಡಾಗ ಮಳೆಗಾಲ ಬಂತು. ಅದೇ ಮಾವ, ಅದೇ ತೋಟ, ಅದೇ ತಳಿ, ನನ್ನ ಕೈ ಅದೇ. ಆದರೆ ದ್ರಾವಣ ಕಂದು ಬಣ್ಣ, ಕೆಟ್ಟ ವಾಸನೆ, ಸೋಸಲು ಹೋದರೆ ಫಿಲ್ಟರ್ ಕಟ್ಟಿಕೊಳ್ಳುತ್ತಿತ್ತು. ಈ ಸಲ ಬಾಟಲಿ ಬೈಯದೆ ನೇರ ಊರಿಗೆ ಹೋದೆ. ಮಾವ ಚಂದ್ರಿಕೆ, ಅಂದರೆ ಹುಳು ಗೂಡು ಕಟ್ಟುವ ತಟ್ಟೆ, ತೋರಿಸಿದರು. ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಹುಳು ಪೊರೆ ಬಿಡೋದು, ಮುಗಿದು ಎದ್ದ ಮೇಲೆ ಸೊಪ್ಪು ಒದ್ದೆ ಇತ್ತಂತೆ, ಮನೆಯೊಳಗೆ ಗಾಳಿ ಸರಿಯಾಗಿ ಆಡಿರಲಿಲ್ಲ. ಒಂದಷ್ಟು ಹುಳುವಿಗೆ ಸಪ್ಪೆರೋಗ, ಒಂದಷ್ಟಕ್ಕೆ ಹಾಲುತೊಂಡೆ ರೋಗ. ತಡವಾಗಿ ರೋಗ ಹತ್ತಿದ ಹುಳು ಗೂಡೇನೋ ಕಟ್ಟುತ್ತದೆ, ಆದರೆ ತೆಳು. ಒಳಗೇ ಸತ್ತು ಕೊಳೆತು, ರಸ ಗೂಡಿಗೆ ಹೀರಿಕೊಂಡುಬಿಡುತ್ತದೆ. ಹೊರಗಿಂದ ನೋಡಿದರೆ ಗೊತ್ತೇ ಆಗಲ್ಲ. ಮಾವ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ತೋರಿಸಿದರು. ಒಳ್ಳೆ ಗೂಡಲ್ಲಿ ಕೋಶ ಟಕಟಕ ಅನ್ನುತ್ತದೆ. ಕೆಟ್ಟದ್ದರಲ್ಲಿ ಸದ್ದೇ ಇಲ್ಲ. ಅತಿಗೆಂಪು ಬೆಳಕಲ್ಲಿ ವಸ್ತುವಿನ ರಚನೆ ನೋಡುವ ನನ್ನ ಲಕ್ಷಗಟ್ಟಲೆ ಬೆಲೆಯ ಎಫ್‌ಟಿಐಆರ್ ಯಂತ್ರಕ್ಕೆ ಕಾಣದ್ದು ಅವರ ಕಿವಿಗೆ ಕೇಳುತ್ತಿತ್ತು.

ರೇಷ್ಮೆಹುಳುವಿನ ಕಾಯಿಲೆ ವಿಜ್ಞಾನಕ್ಕೆ ಹೊಸದಲ್ಲ. 1865ರಲ್ಲಿ ಲೂಯಿ ಪಾಶ್ಚರ್ ದಕ್ಷಿಣ ಫ್ರಾನ್ಸಿಗೆ ಹೋಗಿದ್ದೇ ಗಂಟುರೋಗದಿಂದ ಅಲ್ಲಿನ ಹುಳು ಸಾಕಣೆ ಮಣ್ಣುಗೂಡುತ್ತಿತ್ತು ಅಂತ. ಮೊಟ್ಟೆ ಇಟ್ಟ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗವಿದ್ದರೆ ಆ ಮೊಟ್ಟೆ ಎಸೆಯುವ ಅವರ ಪದ್ಧತಿ ನಮ್ಮ ಬಿತ್ತನೆ ಕೋಠಿಗಳಲ್ಲಿ ಇವತ್ತಿಗೂ ನಡೆಯುತ್ತಿದೆ. ಅಷ್ಟೆಲ್ಲ ತಿಳಿದವಳು ನಾನು ಗೂಡಿನ ಮೂಲ ಕೇಳದೆ ಎರಡು ವರ್ಷ ಕಳೆದೆ.

ಈಗ ನನ್ನ ನೋಟ್‌ಬುಕ್‌ನಲ್ಲಿ ಪ್ರತಿ ಬ್ಯಾಚಿಗೆ ಹೊಸ ಕಾಲಂಗಳಿವೆ. ಯಾರ ಮನೆ ಗೂಡು, ಯಾವ ತಳಿ, ಯಾವ ತಿಂಗಳು, ಹುಳುವಿಗೆ ಕಾಯಿಲೆ ಬಂದಿತ್ತಾ, ಹುಳುವಿನ ಮೈಮೇಲೆ ಮೊಟ್ಟೆ ಇಡುವ ಊಜಿ ನೊಣದ ಮರಿ ಮಾಡಿದ ತೂತು ಎಷ್ಟು. ಪ್ರತಿ ಗೂಡನ್ನೂ ಕತ್ತರಿಸಿ ಒಳಗೆ ನೋಡಿಯೇ ಕುದಿಸೋದು. ಬೇಸರದ ಕೆಲಸ, ಆದರೆ ದ್ರಾವಣ ಹಾಳಾಗೋದು ತುಂಬ ಕಡಿಮೆಯಾಗಿದೆ.

ಚರಂಡಿಗೆ ಹೋಗುವುದರ ಬಗ್ಗೆಯೂ ಹೇಳಬೇಕು. ಗೋಂದು ಕುದಿಸಿದ ನೀರು ಸುಮ್ನೆ ನೊರೆ ನೀರಲ್ಲ, ಪ್ರೋಟೀನ್ ತುಂಬಿದ ನೀರು. ಕೆರೆಗೆ ಹೋದರೆ ಕೊಳೆಯುವಾಗ ಆಮ್ಲಜನಕವನ್ನೆಲ್ಲ ನುಂಗಿಬಿಡುತ್ತದೆ. ಲಿಥಿಯಂ ಬ್ರೋಮೈಡ್ ಜಾಸ್ತಿ ಇರೋದು ಚೀಲದಿಂದ ಹೊರಬಂದ ಮೊದಲ ಎರಡು ನೀರಲ್ಲಿ. ಅವನ್ನು ಕ್ಯಾನಿನಲ್ಲಿ ಬೇರೆ ಹಿಡಿದು ರಾಸಾಯನಿಕ ತ್ಯಾಜ್ಯಕ್ಕೆ ಕೊಡುತ್ತೇನೆ. ಮೊದಲ ವರ್ಷ ಹಾಗೆ ಮಾಡಿರಲಿಲ್ಲ, ಸಿಂಕಿಗೇ ಸುರಿದಿದ್ದೆ.

ಸ್ಪಂಜು ಈಗ ಜೀವಕೋಶಗಳ ಪರೀಕ್ಷೆ ದಾಟಿದೆ. ಮುಂದೆ ಇಲಿಗಳ ಮೇಲೆ, ಅದಕ್ಕೆ ಪ್ರಾಣಿ ನೀತಿ ಸಮಿತಿಯ ಒಪ್ಪಿಗೆಗೆ ಅರ್ಜಿ ಹಾಕಿದ್ದೇನೆ. ಮನುಷ್ಯರ ಗಾಯ ಇನ್ನೂ ದೂರ. ಹೋದ ತಿಂಗಳು ಊರಿಗೆ ಹೋದಾಗ ಒಂದು ತುಂಡು ತೋರಿಸಲು ಒಯ್ದಿದ್ದೆ. ಮಾವನ ಎಡಗೈ ಹೆಬ್ಬೆರಳಿಗೆ ಹಿಪ್ಪುನೇರಳೆ ಕೊಯ್ಯುವ ಕುಡುಗೋಲು ತಾಗಿ ಬಟ್ಟೆ ಸುತ್ತಿಕೊಂಡಿದ್ದರು. ಸ್ಪಂಜನ್ನು ಬೆಳಕಿಗೆ ಹಿಡಿದು ನೋಡಿ, ಬೆರಳು ಮುಂದೆ ಚಾಚಿ, "ಕಟ್ಟು ಮತ್ತೆ" ಅಂದರು.

"ಇಲ್ಲ ಮಾವ, ಇದನ್ನ ಇನ್ನೂ ಕಟ್ಟೋ ಹಾಗಿಲ್ಲ" ಅಂದೆ.

"ನಮ್ಮನೆ ಗೂಡೇ ಅಲ್ವೇನಮ್ಮ?"

ಹೌದು ಅಂತ ಹೇಳಿ, ಬಟ್ಟೆ ಬಿಚ್ಚಿ, ಗಾಯ ತೊಳೆದು ಬೆಟಾಡಿನ್ ಹಚ್ಚಿದೆ.