ಮಾಲ್ಗುಡಿ ಅಭಿಮಾನಿಗಳ ಜೊತೆ ಆಗುಂಬೆಯಲ್ಲಿ ಎರಡು ದಿನ

ಆರ್.ಕೆ. ನಾರಾಯಣ್ ಅವರ ಕಲ್ಪನೆಯ ಊರು ಮಾಲ್ಗುಡಿಯ ಕಥೆಗಳ ಧಾರಾವಾಹಿ 'ಮಾಲ್ಗುಡಿ ಡೇಸ್' ದೂರದರ್ಶನದಲ್ಲಿ ಬರುತ್ತಿದ್ದಾಗ, 1987ರಲ್ಲಿ, ನಮ್ಮ ಬೀದಿಗೆಲ್ಲ ಇದ್ದದ್ದು ಒಂದೇ ಟಿವಿ. ನಮಗೆ ಯಾರಿಗೂ ಹಿಂದಿ ಸರಿಯಾಗಿ ಬರುತ್ತಿರಲಿಲ್ಲ. ಆದರೂ ಗಿರೀಶ್ ಕಾರ್ನಾಡರು ಅಪ್ಪನಾಗಿ ಕಣ್ಣು ಬಿಟ್ಟರೆ, ಮಾಸ್ಟರ್ ಮಂಜುನಾಥ್ ಸ್ವಾಮಿಯಾಗಿ ಪೆಚ್ಚುಮೋರೆ ಹಾಕಿ ನಿಂತರೆ, ಚಾಪೆ ಮೇಲೆ ಕೂತ ನಾವೆಲ್ಲ ಬಿದ್ದು ಬಿದ್ದು ನಗುತ್ತಿದ್ದೆವು. ಆ ನಗುವನ್ನು ಇನ್ನೊಮ್ಮೆ ಹತ್ತು ಜನರ ಜೊತೆ ಕೂತು ನಗಬೇಕು ಅನ್ನುವ ಆಸೆಯಿಂದಲೇ ನಾನು ಅಭಿಮಾನಿಗಳ ಕೂಟ ಮಾಡಲು ಹೊರಟದ್ದು.

ಮೊದಲ ಸಲ ಬೆಂಗಳೂರಿನಲ್ಲೇ ಒಂದು ಸಭಾಂಗಣ ಹಿಡಿದೆ. ಅರವತ್ತು ಜನ ಬಂದರು. ಮೂರು ಭಾಷಣ, ಒಂದು ಸನ್ಮಾನ, ಆಮೇಲೆ ಊಟ. ಊಟ ಆದ ಮೇಲೆ ಉಳಿದವರು ಹದಿನೈದು ಜನ. ಆದರೆ ಎಲೆ ಹಾಕುವ ಮುಂಚೆ ಊಟದ ಸಾಲಿನಲ್ಲಿ ನಿಂತಿದ್ದಾಗ ಏನು ಮಾತು ಅಂತೀರಿ! ಒಬ್ಬರು ಸ್ವಾಮಿಯ ಅಜ್ಜಿಯ ಬಗ್ಗೆ, ಇನ್ನೊಬ್ಬರು ಆರ್.ಕೆ. ಲಕ್ಷ್ಮಣ್ ಬರೆದ ಶೀರ್ಷಿಕೆ ಚಿತ್ರಗಳ ಬಗ್ಗೆ, ಮತ್ತೊಬ್ಬರು ಎಲ್. ವೈದ್ಯನಾಥನ್ ಅವರ ರಾಗವನ್ನು ಗುನುಗುತ್ತಾ. ಆಗ ಗೊತ್ತಾಯಿತು. ಅಭಿಮಾನಿ ಕೇಳಲು ಬರುವುದಿಲ್ಲ, ಹೇಳಲು ಬರುತ್ತಾನೆ. ವೇದಿಕೆ ಹಾಕಿದ್ದೇ ತಪ್ಪು.

ಎರಡನೇ ಸಲ, ಧಾರಾವಾಹಿಯ ಶೂಟಿಂಗ್ ನಡೆದ ಆಗುಂಬೆಗೇ ಹೋಗೋಣ ಅಂದುಕೊಂಡೆ. ಇಪ್ಪತ್ತನಾಲ್ಕೇ ಜನ, ಎರಡು ಟೆಂಪೋ ಟ್ರಾವೆಲರ್‌ಗೆ ಆಗುವಷ್ಟು. ತಲೆಗೆ 2,800 ರೂಪಾಯಿ. ಅದರಲ್ಲೇ ರಾತ್ರಿ ರೈಲು, ಟೆಂಪೋ, ಒಂದು ರಾತ್ರಿ ಹೋಂಸ್ಟೇ, ಊಟ ತಿಂಡಿ ಎಲ್ಲ. ನವೆಂಬರ್ 9 ಧಾರಾವಾಹಿ ನಿರ್ದೇಶಿಸಿದ ಶಂಕರ್ ನಾಗ್ ಹುಟ್ಟಿದ ದಿನ. ಅದಕ್ಕೆ ಹತ್ತಿರದ ಶನಿವಾರ, ಭಾನುವಾರ ಇಟ್ಟುಕೊಂಡೆವು. ಶಂಕ್ರಣ್ಣ ಹೋದಾಗ ಬರೀ 35 ವರ್ಷ. ಅಷ್ಟರೊಳಗೆ ಒಂದು ಊರನ್ನೇ ಕಟ್ಟಿ ಕೊಟ್ಟುಹೋದ ಮನುಷ್ಯ. ನಮ್ಮ ಗುಂಪಿನಲ್ಲಿ ಅವನನ್ನು ಬಹುವಚನದಲ್ಲಿ ಕರೆಯುವವರು ಯಾರೂ ಇಲ್ಲ. ಅದು ಪ್ರೀತಿ.

ಬೆಳಿಗ್ಗೆ ಶಿವಮೊಗ್ಗದಲ್ಲಿ ಇಳಿದು ಮೊದಲು ಅರಸಾಳಿಗೆ ಹೋದೆವು. ಧಾರಾವಾಹಿಯಲ್ಲಿ ಮಾಲ್ಗುಡಿ ಸ್ಟೇಷನ್ ಆಗಿದ್ದದ್ದು ಇದೇ. ಪಾಳುಬಿದ್ದಿದ್ದ ಹಳೇ ಕಟ್ಟಡವನ್ನು ರೈಲ್ವೆಯವರು ರಿಪೇರಿ ಮಾಡಿ 2020ರಲ್ಲಿ ಮ್ಯೂಸಿಯಂ ಮಾಡಿದ್ದಾರೆ. ಇಲ್ಲಿ ನಾನು ಏನೂ ಕಾರ್ಯಕ್ರಮ ಇಟ್ಟಿರಲಿಲ್ಲ. ಎಲ್ಲರಿಗೂ ಒಂದು ಗಂಟೆ ಸುಮ್ನೆ ಬಿಟ್ಟೆ. ಸ್ವಾಮಿಯ ಗೆಳೆಯ ರಾಜಂ ಊರು ಬಿಟ್ಟು ರೈಲು ಹತ್ತುವ ಭಾಗ ನೆನಪಿದೆ ಅಲ್ವಾ? ಐವತ್ತು ದಾಟಿದ ಒಬ್ಬರು ಪ್ಲಾಟ್‌ಫಾರ್ಮಿನ ತುದಿಯಲ್ಲಿ ಒಬ್ಬರೇ ಹೋಗಿ ನಿಂತಿದ್ದರು. ಯಾರೂ ಅವರನ್ನು ಮಾತಾಡಿಸಲಿಲ್ಲ.

ಸಂಜೆ ಹೋಂಸ್ಟೇ ಜಗಲಿಯಲ್ಲಿ ಬೆಡ್‌ಶೀಟ್ ಕಟ್ಟಿ, ನನ್ನ ಹತ್ತಿರ ಇದ್ದ ಡಿವಿಡಿಯಿಂದ ಲಾಲಿ ರೋಡ್ ಕಥೆ ಹಾಕಿದೆ. ಬೇಕಂತಲೇ ಆರಿಸಿದ್ದು. ಸ್ವಾಮಿ ಎಲ್ಲರಿಗೂ ಗೊತ್ತು. ಆದರೆ ನಕ್ಕು ಹೊಟ್ಟೆ ಹುಣ್ಣಾಗಬೇಕು ಅಂದರೆ ಇದೇ. ಸ್ವಾತಂತ್ರ್ಯ ಬಂದ ಉತ್ಸಾಹದಲ್ಲಿ ಪುರಸಭೆಯವರು ಬ್ರಿಟಿಷ್ ಅಧಿಕಾರಿ ಲಾಲಿಯ ಪ್ರತಿಮೆ ಕೀಳಿಸುತ್ತಾರೆ. ಆಮೇಲೆ ನೋಡಿದರೆ ದುಷ್ಟ ಲಾಲಿ ಬೇರೆ, ಊರನ್ನು ಕಟ್ಟಿದ ಒಳ್ಳೆಯ ಲಾಲಿ ಬೇರೆ! ಅಷ್ಟು ಹೊತ್ತಿಗೆ ಪ್ರತಿಮೆ ಒಬ್ಬನ ಮನೆ ಸೇರಿಯಾಗಿದೆ. ತಲೆ ಒಳಗೆ, ಕಾಲು ಬೀದಿಯಲ್ಲಿ.

ಅರ್ಧ ಕಥೆ ಆಗಿತ್ತು. ಮಳೆ ಬಂತು. ನವೆಂಬರ್ ಅಂತ ನಾನು ಧೈರ್ಯವಾಗಿದ್ದೆ. ಆದರೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರು ಇದು. ಹೆಂಚಿನ ಮೇಲೆ ಬೀಳುವ ಸದ್ದಿಗೆ ಸ್ಪೀಕರ್ ಕೇಳಿಸಲೇ ಇಲ್ಲ. ಐದು ನಿಮಿಷಕ್ಕೆ ಕರೆಂಟೂ ಹೋಯಿತು. ನನಗೆ ಅಳುವೇ ಬಂದಂತಾಯಿತು. ಅಷ್ಟರಲ್ಲಿ ಕತ್ತಲೆಯಲ್ಲಿ ಯಾರೋ ಪುರಸಭೆ ಅಧ್ಯಕ್ಷರ ಪಾತ್ರ ಶುರು ಮಾಡಿದರು. ಇನ್ನೊಬ್ಬರು ಮನೆಯವನಾದರು. ಮೊದಲ ಬಾರಿಗೆ ಈ ಕಥೆ ನೋಡುತ್ತಿದ್ದ ಎಂಟು ವರ್ಷದ ಹುಡುಗಿಯೊಬ್ಬಳು "ಆಮೇಲೆ? ಆಮೇಲೆ ಏನಾಯ್ತು?" ಅಂತ ಕೇಳುತ್ತಲೇ ಇದ್ದಳು. ಮೇಣದಬತ್ತಿಯ ಬೆಳಕಲ್ಲಿ ಇಡೀ ಕಥೆಯನ್ನು ಅವಳಿಗೋಸ್ಕರ ಹೇಳಿ ಮುಗಿಸಿದರು.

ಹೋಂಸ್ಟೇಯವರು ಪಕ್ಕದ ಮನೆಯ ಹಿರಿಯರೊಬ್ಬರನ್ನು ಊಟಕ್ಕೆ ಕರೆದಿದ್ದರು. ಮೂಲೆಯಲ್ಲಿ ಕೂತು ಅಡಿಕೆ ಕತ್ತರಿಸುತ್ತಾ ಎಲ್ಲ ಕೇಳುತ್ತಿದ್ದರು. ಕಥೆ ಮುಗಿದ ಮೇಲೆ ಅಡಕತ್ತರಿ ಕೆಳಗಿಟ್ಟು, "ಆ ಪ್ರತಿಮೆ ನಿಲ್ಲಿಸಿದ್ದು ಎಲ್ಲಿ ಅಂತ ತೋರಿಸ್ಲಾ ಮಾರಾಯ್ರೆ? ಜನ ಸೇರೋ ಸೀನಲ್ಲಿ ನಾನೂ ಇದ್ದೆ" ಅಂದರು. ಮಳೆ ನಿಂತ ಮೇಲೆ, ರಾತ್ರಿ ಹತ್ತೂವರೆಗೆ, ಟಾರ್ಚ್ ಹಿಡಿದು ಇಪ್ಪತ್ತನಾಲ್ಕು ಜನ ಅವರ ಹಿಂದೆ ನಡೆದೆವು. ಒಂದು ಕಡೆ ನಿಂತು, ಒದ್ದೆ ಟಾರು ರಸ್ತೆಯ ಮೇಲೆ ಕೊಡೆಯ ತುದಿಯಿಂದ ಒಂದು ಚೌಕ ಎಳೆದು ತೋರಿಸಿದರು. ಅಂಗಡಿ ಬೋರ್ಡುಗಳನ್ನೆಲ್ಲ ಬದಲಿಸಿದ್ದು, ಊರವರೇ ಪಾತ್ರಗಳಾದದ್ದು, ಶೂಟಿಂಗ್ ಇಲ್ಲದ ದಿನ ಊರಿಗೆ ಬೇಜಾರಾಗುತ್ತಿದ್ದದ್ದು, ಒಂದೊಂದೇ ಹೇಳಿದರು. ನಾನು ಕರೆಸಿದ್ದ ಯಾವ ಭಾಷಣಕಾರರೂ ಅಷ್ಟು ಹೇಳಿರಲಿಲ್ಲ.

ಮರುದಿನ ದೊಡ್ಡಮನೆ. ಧಾರಾವಾಹಿಯಲ್ಲಿ ಸ್ವಾಮಿಯ ಮನೆ. ಇಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಅದು ಜನ ವಾಸ ಮಾಡುವ ಮನೆ, ಸೆಟ್ ಅಲ್ಲ. ತಿಂಗಳ ಮುಂಚೆಯೇ ಫೋನ್ ಮಾಡಿ ಕೇಳಿದ್ದೆ. ಒಂದು ಸಲಕ್ಕೆ ಎಂಟೇ ಜನ ಒಳಗೆ. ಫೋಟೊ ತೆಗೆಯುವ ಮುಂಚೆ ಕೇಳಬೇಕು. ಅಡುಗೆಮನೆ ಕಡೆ ಇಣುಕಬಾರದು. ಕುಡಿಯಲು ಕೊಟ್ಟ ಕಷಾಯದ ಲೋಟ ಹಿಡಿದು ಕಂಬಕ್ಕೆ ಒರಗಿ ಕೂತರೆ ಸಾಕು, ಬೇರೆ ಏನೂ ಮಾಡಬೇಕಾಗಿಲ್ಲ. ಹೊರಡುವಾಗ ಎಲ್ಲರೂ ಸೇರಿ ಒಂದು ಲಕೋಟೆ ಕೊಟ್ಟು ಬಂದೆವು. ಅಂಥ ಮನೆಗಳಿಗೆ ನೂರಾರು ಜನ ಹೋಗುತ್ತಾರೆ. ಅಭಿಮಾನ ಇರುವವರು ಮನೆಯವರಿಗೆ ಹೊರೆ ಆಗಬಾರದು.

ಈಗ ನಾನು ಮಾಡುತ್ತಿರುವ ಕೆಲಸ ಬೇರೆ. ಆ ಹಿರಿಯರು ಹೊರಡುವ ಮುಂಚೆ, ಜನ ಸೇರಿದ ಸೀನುಗಳಲ್ಲಿ ಇದ್ದ ಇನ್ನೂ ಆರು ಜನರ ಹೆಸರು ಹೇಳಿದರು. ನನ್ನ ಟಿಕೆಟ್ ಹಿಂದೆ ಬರೆದುಕೊಂಡೆ. ಎಲ್ಲರಿಗೂ ವಯಸ್ಸಾಗಿದೆ. ಹಾಗಾಗಿ ಮುಂದಿನ ಕೂಟಕ್ಕೆ ಕಾಯುವುದಿಲ್ಲ. ಈ ತಿಂಗಳು ಒಬ್ಬನೇ ಹೋಗಿ, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಂಡು ಬರುತ್ತೇನೆ. ಇಬ್ಬರ ಮನೆಗೆ ಆಗಲೇ ಫೋನ್ ಆಗಿದೆ. ಒಬ್ಬರು ಕೇಳಿದ ಮೊದಲ ಪ್ರಶ್ನೆ, "ಆ ಭಾಗ ನಿಮ್ಮತ್ರ ಇದ್ಯಾ? ನಾನು ಕಾಣ್ತೀನಾ ಅಂತ ನೋಡ್ಬೇಕಿತ್ತು."