ಸಂಘಕ್ಕೆ ಹೊಸ ಮಿಷನ್ ತರುವ ಮೊದಲು

ನಮ್ಮೂರಿನ ಹಾಲಿನ ಸೊಸೈಟಿಯ ಆಡಳಿತ ಮಂಡಳಿಯಲ್ಲಿ ನಾನೂ ಇದ್ದೆ. ಕಾಸರಗೋಡು ಜಿಲ್ಲೆಯ ಗಡಿಯ ಸಣ್ಣ ಊರು. ಒಂದು ಸೋಮವಾರ ಬೆಳಗ್ಗೆ ಹಾಲು ಪರೀಕ್ಷೆಯ ಗಾಜಿನ ನಳಿಗೆಗಳನ್ನು ಕಪಾಟಿಗೆ ಹಾಕಿ, ಮೇಜಿನ ಮೇಲೆ ಹಾಲಿನ ಕೊಬ್ಬು ಅಳೆದು ರೇಟಿನ ಚೀಟಿ ಕೊಡುವ ಹೊಸ ಮಿಷನ್ ಇಟ್ಟೆವು. ಯಾರಿಗೂ ಮೊದಲೇ ಹೇಳಿರಲಿಲ್ಲ. ಬೇಗ ಕೆಲಸ ಆಗುತ್ತದೆ, ಎಲ್ಲರಿಗೂ ಒಳ್ಳೆಯದೇ ಅಲ್ವಾ, ಹೇಳುವುದಕ್ಕೆ ಏನಿದೆ ಎಂದುಕೊಂಡಿದ್ದೆವು.

ಏಳು ಗಂಟೆಗೆ ಒಬ್ಬರು ಅಕ್ಕ ಚೀಟಿ ಹಿಡಿದು ನನ್ನ ಹತ್ತಿರ ಬಂದರು. "ನಿನ್ನೆವರೆಗೆ ಒಳ್ಳೆದಿದ್ದ ಹಾಲಿಗೆ ಇವತ್ತು ಎಂತ ಆಯಿತು ಮಾಷ್ಟ್ರೇ?" ಚೀಟಿಯಲ್ಲಿ ಇದ್ದದ್ದು ಇಂಗ್ಲಿಷು, ಗೋಡೆಯ ನೋಟಿಸಿನಲ್ಲಿ ಮಲಯಾಳ. ಅವರಿಗೆ ಓದಲು ಬರುವುದು ಕನ್ನಡ ಮಾತ್ರ. ಎರಡು ವಾರದಲ್ಲಿ ಕೆಲವರು ಹಾಲನ್ನು ಪೇಟೆಯ ಹೋಟೆಲುಗಳಿಗೆ ಕೊಡತೊಡಗಿದರು. ಮಿಷನ್ ಮೂಲೆ ಸೇರಿತು.

ಎರಡನೇ ಸಲ ತರುವಾಗ ಕ್ರಮ ಬದಲಿಸಿದೆವು. ಸಹಕಾರಿ ಸಂಘವಿರಲಿ, ಶಾಲೆಯಿರಲಿ, ಊರಿನ ಗ್ರಂಥಾಲಯವಿರಲಿ, ಈ ಕ್ರಮ ಹೆಚ್ಚುಕಡಿಮೆ ಎಲ್ಲ ಕಡೆ ನಡೆಯುತ್ತದೆ.

ಮೊದಲು ತುಪ್ಪ ಕರಗಲಿ

ಕರ್ಟ್ ಲೆವಿನ್ ಎಂಬ ಮನಶ್ಶಾಸ್ತ್ರಜ್ಞ 1947ರಲ್ಲಿ ಬದಲಾವಣೆಗೆ ಮೂರು ಹಂತ ಹೇಳಿದರು: ಹೆಪ್ಪುಗಟ್ಟಿದ್ದನ್ನು ಕರಗಿಸುವುದು, ಬದಲಿಸುವುದು, ಮತ್ತೆ ಗಟ್ಟಿಯಾಗಲು ಬಿಡುವುದು. ಆಫೀಸುಗಳ ತರಬೇತಿಯಲ್ಲಿ ಇದಕ್ಕೆ ಮಂಜುಗಡ್ಡೆಯ ಚಿತ್ರ ತೋರಿಸುತ್ತಾರೆ. ನಮ್ಮ ಕಡೆ ಮಂಜುಗಡ್ಡೆ ಸಿಗುವುದು ಮೀನಿನ ಪೆಟ್ಟಿಗೆಯಲ್ಲಿ. ನನಗೆ ತುಪ್ಪವೇ ಸರಿ ಕಾಣುತ್ತದೆ. ಗಟ್ಟಿ ತುಪ್ಪವನ್ನು ಡಬ್ಬಿಯಿಂದ ಡಬ್ಬಿಗೆ ಸುರಿಯಲು ಆಗುವುದಿಲ್ಲ. ಚಮಚದಲ್ಲಿ ಕೆರೆದರೆ ಅರ್ಧ ಹಳೆಯ ಡಬ್ಬಿಯಲ್ಲೇ ಉಳಿಯುತ್ತದೆ.

ಕರಗಿಸುವುದು ಅಂದರೆ, ಈಗ ಇರುವುದರಲ್ಲಿ ಏನು ತೊಂದರೆ ಎಂದು ಜನರೇ ಹೇಳುವಂತೆ ಮಾಡುವುದು. ಹಳೆಯ ಪರೀಕ್ಷೆಯಲ್ಲಿ ನಳಿಗೆಗೆ 10 ಮಿಲಿಲೀಟರ್ ಸಲ್ಫ್ಯೂರಿಕ್ ಆಸಿಡ್, 10.75 ಮಿಲಿಲೀಟರ್ ಹಾಲು, 1 ಮಿಲಿಲೀಟರ್ ಅಮೈಲ್ ಆಲ್ಕೋಹಾಲ್ ಹಾಕಿ, ಅಲ್ಲಾಡಿಸಿ, ತಿರುಗಿಸುವ ಯಂತ್ರದಲ್ಲಿಟ್ಟು ಕೊಬ್ಬಿನ ಗೆರೆ ಓದಬೇಕು. ಕೈಗೆ ಆಸಿಡ್ ತಾಗಿದರೆ ಸುಡುತ್ತದೆ. ಉತ್ತರ ಬರುವಷ್ಟರಲ್ಲಿ ಹಾಲು ತಂದವರು ಮನೆ ಸೇರಿರುತ್ತಾರೆ. ಇದನ್ನು ನಾವು ಭಾಷಣ ಮಾಡಿ ಹೇಳಲಿಲ್ಲ. ಮಹಾಸಭೆಯ ದಿನ ಎಲ್ಲರ ಎದುರು ಒಂದು ನಳಿಗೆಯ ಪರೀಕ್ಷೆ ಮಾಡಿ ತೋರಿಸಿದೆವು. ನೋಡಿದವರಲ್ಲಿ ಒಬ್ಬರು, "ಇಷ್ಟೆಲ್ಲಾ ಉಂಟಾ?" ಎಂದರು. ಮಿಷನ್ ವಿಷಯ ಎತ್ತಿದ್ದು ಆಮೇಲೆ.

ತಳ್ಳುವುದು, ಎಳೆಯುವುದು

ಒಂದು ಕಾಗದ ತೆಗೆದುಕೊಳ್ಳಿ. ನಡುವೆ ಗೆರೆ ಎಳೆಯಿರಿ. ಎಡಕ್ಕೆ ಬದಲಾವಣೆಯ ಕಡೆ ತಳ್ಳುವ ಕಾರಣಗಳು, ಬಲಕ್ಕೆ ಹಿಂದಕ್ಕೆ ಎಳೆಯುವ ಕಾರಣಗಳು. ಇದೂ ಲೆವಿನ್ ಕಲಿಸಿದ್ದೇ. ಎಡಗಡೆಯದು ಎಲ್ಲರಿಗೂ ಸುಲಭ. ಬಲಗಡೆಗೆ ಜಾಸ್ತಿ ಹೊತ್ತು ಕೊಡಿ. ನಮ್ಮ ಕಾಗದದ ಬಲಗಡೆ ಹೀಗಿತ್ತು: ರೇಟು ಇಳಿಯುವ ಹೆದರಿಕೆ, ಮಳೆಗಾಲದಲ್ಲಿ ಹೋಗುವ ಕರೆಂಟು, ಓದಲಾಗದ ಚೀಟಿ, ಮತ್ತೆ ಹಲವು ವರ್ಷಗಳಿಂದ ಆಸಿಡ್ ಪರೀಕ್ಷೆ ಮಾಡುತ್ತಿದ್ದ ನಮ್ಮ ಅಣ್ಣ.

ಮೊದಲ ಸಲ ನಾವು ಎಡಗಡೆಯಿಂದಲೇ ತಳ್ಳಿದ್ದೆವು. ಹಾಗೆ ತಳ್ಳಿದಷ್ಟೂ ಬಲಗಡೆಯವರು ಬಿಗಿಯಾಗುತ್ತಾರೆ. ಎಳೆಯುವ ಕಾರಣಗಳನ್ನು ಒಂದೊಂದಾಗಿ ಸಡಿಲಿಸಿದರೆ ಅಷ್ಟು ತಳ್ಳಬೇಕಾಗಿಯೂ ಬರುವುದಿಲ್ಲ.

ಆ ಅಣ್ಣನ ವಿಷಯ ಸ್ವಲ್ಪ ಹೇಳಬೇಕು. ಮಿಷನ್ ಬಂದ ದಿನದಿಂದ ಅವರು ಸಿಟ್ಟಿನಲ್ಲಿದ್ದರು. ಸಹಜ. ಊರಿಗೆ ಊರೇ ಅವರ ಕೈಯ ಲೆಕ್ಕವನ್ನು ನಂಬಿತ್ತು, ನಾವು ಒಂದು ಮಾತೂ ಹೇಳದೆ ನಳಿಗೆ ಎತ್ತಿಟ್ಟಿದ್ದೆವು. ಎರಡನೇ ಸಲ ಅವರ ಮನೆಗೇ ಹೋದೆವು. ಇಂಥ ಮಿಷನ್ ಸರಿ ತೋರಿಸುತ್ತದೆಯೇ ಎಂದು ಆಗಾಗ ಹಳೆಯ ನಳಿಗೆಯ ಜೊತೆ ಹೋಲಿಸಿ ನೋಡಲೇಬೇಕು. ಆ ಕೆಲಸ ಅವರಿಗೇ ಕೊಟ್ಟೆವು. ವಾರಕ್ಕೊಮ್ಮೆ ಮಿಷನ್ನಿಗೆ ಅವರೇ ಪರೀಕ್ಷಕರು. ಎರಡೂ ಲೆಕ್ಕವನ್ನು ಬೋರ್ಡಿನಲ್ಲಿ ಅವರ ಕೈಬರಹದಲ್ಲೇ ಬರೆದರು. ಜನರು ನಂಬಿದ್ದು ಆ ಕೈಬರಹವನ್ನು.

ಕೇಳಿ, ಸುಮ್ನೆ ತಿಳಿಸಬೇಡಿ

ಅಮೆರಿಕದ ವರ್ಜೀನಿಯಾದ ಒಂದು ಪೈಜಾಮ ಕಾರ್ಖಾನೆಯಲ್ಲಿ ಕೆಲಸದ ರೀತಿ ಬದಲಿಸುವಾಗ ನಡೆಸಿದ ಪ್ರಯೋಗದ ವರದಿ 1948ರಲ್ಲಿ ಬಂತು. ಒಂದು ಗುಂಪಿಗೆ ಬದಲಾವಣೆಯನ್ನು ಬರೀ ತಿಳಿಸಿದರು. ಉತ್ಪಾದನೆ ಕುಸಿಯಿತು, ಮೊದಲ 40 ದಿನಗಳಲ್ಲೇ ಶೇಕಡಾ 17 ಮಂದಿ ಕೆಲಸ ಬಿಟ್ಟರು. ಹೊಸ ರೀತಿಯನ್ನು ರೂಪಿಸುವಲ್ಲೇ ಸೇರಿಸಿಕೊಂಡ ಗುಂಪುಗಳು ಬೇಗ ಹಳೆಯ ಮಟ್ಟಕ್ಕೆ ಬಂದು, ಅದನ್ನೂ ದಾಟಿದವು.

ನಾವು ಕೇಳಿದಾಗ ಸಿಕ್ಕಿದ ಪ್ರಶ್ನೆಗಳಲ್ಲಿ ಒಂದು: "ಬೆಳಗ್ಗಿನ ಹಾಲಿಗೆ ಯಾಕೆ ಕೊಬ್ಬು ಕಡಿಮೆ ತೋರಿಸುತ್ತದೆ?" ಇದು ಮಿಷನ್ನಿನ ತಪ್ಪಲ್ಲ. ಎರಡು ಕರೆಯುವಿಕೆಯ ನಡುವೆ ಹೊತ್ತು ಜಾಸ್ತಿಯಾದರೆ ಕೊಬ್ಬಿನ ಪ್ರಮಾಣ ಸಾಮಾನ್ಯವಾಗಿ ಇಳಿಯುತ್ತದೆ, ಸಂಜೆಯಿಂದ ಬೆಳಗ್ಗೆವರೆಗಿನ ಅಂತರವೇ ದೊಡ್ಡದು. ಕೊನೆಗೆ ಕರೆಯುವ ಹಾಲಿನಲ್ಲೇ ಕೊಬ್ಬು ಹೆಚ್ಚು, ಹಾಗಾಗಿ ಪೂರ್ತಿ ಕರೆಯದಿದ್ದರೂ ನಷ್ಟ. ಮಾದರಿ ತೆಗೆಯುವ ಮೊದಲು ಕ್ಯಾನು ಚೆನ್ನಾಗಿ ಕಲಸಬೇಕು, ನೊರೆ ಇಳಿಯಲು ಬಿಡಬೇಕು. ನೊರೆ ಇದ್ದರೆ ಲೆಕ್ಕ ತಪ್ಪುತ್ತದೆ. ಇದನ್ನೆಲ್ಲಾ ನಾವು ಮೊದಲ ಸಲವೇ ಹೇಳಬೇಕಿತ್ತು.

ಭಾಷೆಯ ಮಾತು. ಇದು ಸಪ್ತಭಾಷೆಗಳ ನಾಡು. ನೋಟಿಸು ಕನ್ನಡದಲ್ಲೂ ಮಲಯಾಳದಲ್ಲೂ ಇರಲಿ. ಬಾಯಲ್ಲಿ ಹೇಳುವಾಗ ತುಳು, ಹವ್ಯಕ, ಬ್ಯಾರಿ ಏನು ಬೇಕೋ ಅದು. ಚೀಟಿಯ ಮಿಷನ್ನಿಗೆ ಕನ್ನಡ ಬಾರದಿದ್ದರೆ ಪಕ್ಕದಲ್ಲಿ ದೊಡ್ಡ ಕಾಗದ ಅಂಟಿಸಿ: ಯಾವ ಸಾಲು ಕೊಬ್ಬು, ಯಾವ ಸಾಲು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ), ಯಾವುದು ರೂಪಾಯಿ.

ಯಾವಾಗ ಶುರು?

ಜೂನ್, ಜುಲೈ ಬೇಡ, ಕರೆಂಟಿನ ಭರವಸೆ ಇಲ್ಲ. ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲೂ ಬೇಡ. ಊರಿನ ಜಾತ್ರೆಯ ವಾರ ಖಂಡಿತಾ ಬೇಡ.

ಒಂದು ತಿಂಗಳು ಎರಡೂ

ಹಳೆಯದು, ಹೊಸದು ಎರಡೂ ಒಟ್ಟಿಗೆ ನಡೆಯಲಿ. ಆ ತಿಂಗಳು ದುಡ್ಡು ಹಳೆಯ ಲೆಕ್ಕದಲ್ಲೇ ಕೊಡಿ, ಹೊಸದು ನೋಡುವುದಕ್ಕೆ ಮಾತ್ರ. ಕೆಲಸ ಜಾಸ್ತಿಯಾಗುತ್ತದೆ, ಗೊಣಗಾಟ ಕೇಳಿಸುತ್ತದೆ, ಇರಲಿ. ಆದರೆ ಕೊನೆಯ ದಿನಾಂಕವನ್ನು ಮೊದಲೇ ಬೋರ್ಡಿನಲ್ಲಿ ಬರೆದಿಡಿ. ಇಲ್ಲದಿದ್ದರೆ ಎರಡು ಲೆಕ್ಕ ವರ್ಷಗಟ್ಟಲೆ ನಡೆಯುತ್ತವೆ, ಕೊನೆಗೆ ಒಂದನ್ನೂ ಯಾರೂ ನಂಬುವುದಿಲ್ಲ.

ಗಟ್ಟಿಯಾಯಿತಾ ನೋಡಿ

ಹೆಚ್ಚಿನ ಕಡೆ ಉದ್ಘಾಟನೆಯ ಫೋಟೋ ತೆಗೆದಲ್ಲಿಗೆ ಮುಗಿಯಿತು. ಮೂರು ತಿಂಗಳ ಮೇಲೆ ಹೋಗಿ ನೋಡಿದರೆ ಮಿಷನ್ ಮೇಲೆ ಬೈರಾಸು ಹೊದೆಸಿರುತ್ತಾರೆ. ನಮ್ಮಲ್ಲೂ ಹಾಗಾಗುವುದರಲ್ಲಿತ್ತು. ಮಿಷನ್ ನಡೆಸಲು ಬರುತ್ತಿದ್ದದ್ದು ಒಬ್ಬ ಹುಡುಗನಿಗೆ ಮಾತ್ರ. ಅವನು ಅಕ್ಕನ ಮದುವೆಗೆಂದು ನಾಲ್ಕು ದಿನ ರಜೆ ಹಾಕಿದಾಗ ಮತ್ತೆ ಆಸಿಡ್ ಬಾಟಲಿ ಹೊರಬಂತು. ಆಮೇಲೆ ಇನ್ನಿಬ್ಬರಿಗೆ ಕಲಿಸಿದೆವು. ತಿಂಗಳಿಗೆ ಎರಡು ದಿನ ಅವನಿಗೆ ಬೇಕೆಂದೇ ರಜೆ ಕೊಟ್ಟು ಕಳಿಸಿದೆವು. ಆ ಎರಡು ದಿನ ನಾನೂ ಬೆಳಗ್ಗೆ ಆರೂವರೆಗೆ ಹೋಗಿ ಮೂಲೆಯಲ್ಲಿ ಕೂರುತ್ತಿದ್ದೆ, ಬಾಯಿ ಹಾಕದೆ.